ಕಲಿತದ್ದು ಕೆಡುವುದಿಲ್ಲ

ಕಳೆದ ತಿಂಗಳ ಒಂದು ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ಜಾಲಹಳ್ಳಿಯ ನಮ್ಮ ಬೀದಿಯ ಗೃಹಿಣಿಯೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿಯು ಪಿ.ಯು.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾಗಿರುವಳು. ಇಂಜಿನಿಯರಿಂಗಿಗೆ ಸೇರೆಂದು ತಂದೆಯ ಆಗ್ರಹ. ಭೌತಶಾಸ್ತ್ರವನ್ನೇ ಓದುವೆನೆಂದು ಮಗಳ ಹಟ. "ಮೇಷ್ಟ್ರೇ, ನೀವಾದರೂ ಇವಳಿಗೆ ನಾಲ್ಕು ಬುದ್ಧಿಯ ಮಾತು ಹೇಳಿ. ಕಾಗದದ ಮೇಲೆ ಲೆಕ್ಕ ಮಾಡಿಕೊಂಡು ಕೂತರೆ ಹೊಟ್ಟೆ ತುಂಬೀತೆ?" ಎಂದು ಆ ತಾಯಿಯು ಕೇಳಿದರು. ಹುಡುಗಿಯು ಏನೂ ಆಡದೆ, ತಲೆಬಾಗಿ, ಚಾಪೆಯ ಅಂಚನ್ನು ಬೆರಳಿನಿಂದ ತೀಡುತ್ತ ಕುಳಿತಿದ್ದಳು.

ನಾವು ಕೂಡಲೇ ಉತ್ತರವನ್ನು ಕೊಡಲಿಲ್ಲ. ಅದಕ್ಕೆ ಕಾರಣವುಂಟು. ಸುಮಾರು ಇಪ್ಪತ್ತೈದು ವರ್ಷಗಳ ಕೆಳಗೆ ನಮ್ಮಲ್ಲಿ ಸಂಸ್ಕೃತವನ್ನು ಓದುತ್ತಿದ್ದ ಹುಡುಗನೊಬ್ಬನ ತಂದೆಯು ಇದೇ ಪ್ರಶ್ನೆಯನ್ನು ನಮ್ಮಲ್ಲಿಗೆ ತಂದಿದ್ದರು. ಆ ದಿನ ನಾವು ಕ್ಷಣಮಾತ್ರವೂ ಯೋಚಿಸದೆ, "ಶಾಸ್ತ್ರದ ಹುಚ್ಚು ಬೇಡ, ಬ್ಯಾಂಕಿನ ಪರೀಕ್ಷೆಗೆ ಕೂರಿಸಿ" ಎಂದು ಹೇಳಿಬಿಟ್ಟೆವು. ಹುಡುಗನು ಗುರುವಿನ ಮಾತನ್ನು ಮೀರಲಿಲ್ಲ. ಈಗ ಅವನು ದೊಡ್ಡ ಹುದ್ದೆಯಲ್ಲಿದ್ದಾನೆ; ಯಾವುದಕ್ಕೂ ಕೊರತೆಯಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ನಮಗೆ ನಮಸ್ಕಾರ ಮಾಡಿ, ನಗುನಗುತ್ತಲೇ, "ಮೇಷ್ಟ್ರೇ, ರಾತ್ರಿ ಊಟವಾದ ಮೇಲೆ ಈಗಲೂ ಭೌತಶಾಸ್ತ್ರದ ಪುಸ್ತಕ ತೆಗೆದು ಕೂರುತ್ತೇನೆ. ಅರ್ಧ ಪುಟ ದಾಟಿದ ಮೇಲೆ ದಾರಿ ಕಾಣುವುದಿಲ್ಲ" ಎಂದನು. ನೋಯಿಸಬೇಕೆಂದು ಆಡಿದ ಮಾತಲ್ಲ ಅದು. ಆದರೂ ಅಂದು ಬಡಿಸಿದ ಪಾಯಸವು ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಇನ್ನೂ ನಾಚಿಕೆಯ ಸಂಗತಿಯೊಂದುಂಟು. ನಾವು ಆ ಹುಡುಗನ ದಾರಿಯನ್ನು ತಪ್ಪಿಸಿದ ಕಾಲದಲ್ಲಿಯೇ, ಆ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟಿದ್ದ ಮಹನೀಯರೊಬ್ಬರು ನಮ್ಮ ಜಾಲಹಳ್ಳಿಯಲ್ಲಿಯೇ ಒಂದು ವಿಜ್ಞಾನಕೇಂದ್ರವನ್ನು ಕಟ್ಟಿದ್ದರು. ಅವರ ಹೆಸರು ಕೂಡ ನಮಗೆ ತಿಳಿದಿರಲಿಲ್ಲ. ಆದಕಾರಣ ಈ ಸಲ ಆ ತಾಯಿಯಲ್ಲಿ ಎಂಟು ದಿನಗಳ ಅವಧಿಯನ್ನು ಬೇಡಿ, ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು. ಹಾಗೆ ತಿಳಿದುದನ್ನು ವಾಚಕರ ಮುಂದೆಯೂ ಇಡುತ್ತಿದ್ದೇವೆ. ಇದೇ ಪ್ರಶ್ನೆಯು ಎಷ್ಟು ಮನೆಗಳ ಪಡಸಾಲೆಯಲ್ಲಿ ಈ ದಿನಗಳಲ್ಲಿ ಎದ್ದಿರುವುದೋ ಯಾರು ಬಲ್ಲರು?

ಆ ಮಹನೀಯರು ಶಿವರಾಮಕೃಷ್ಣ ಚಂದ್ರಶೇಖರರು. ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಬೇಕು. ನಕ್ಷತ್ರಗಳ ಅಂತ್ಯಾವಸ್ಥೆಯನ್ನು ಗಣಿಸಿ ನೊಬೆಲ್ ಪಾರಿತೋಷಕವನ್ನು ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರರು ಬೇರೆ, ಇವರು ಬೇರೆ. ಅವರು ಸರ್ ಸಿ. ವಿ. ರಾಮನ್ನರ ಅಣ್ಣನ ಮಗ. ಇವರು ರಾಮನ್ನರ ತಂಗಿಯ ಮಗ. ೧೯೮೩ರಲ್ಲಿ ಒಬ್ಬರಿಗೆ ನೊಬೆಲ್ ಪಾರಿತೋಷಕವು ಬಂದಿತು. ಅದೇ ವರ್ಷ ಇನ್ನೊಬ್ಬರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಹೆಸರೂ ಒಂದೇ, ವಂಶವೂ ಒಂದೇ ಆದುದರಿಂದ ನಮ್ಮವರನ್ನು ಬಹುಮಂದಿ ಮರೆತಿರುವರು.

ಇವರ ಶಾಸ್ತ್ರವು 'ದ್ರವಸ್ಫಟಿಕ' ಎಂಬ ಪದಾರ್ಥಗಳನ್ನು ಕುರಿತದ್ದು. ವ್ಯಾಕರಣವನ್ನು ಓದಿದ ನಮಗೆ ಆ ಪದವನ್ನು ಮೊದಲು ಕೇಳಿದಾಗ ನಗು ಬಂದಿತು. 'ನನ್ನ ತಾಯಿ ಬಂಜೆ' ಎಂಬುದನ್ನು ತಾರ್ಕಿಕರು ವದತೋವ್ಯಾಘಾತಕ್ಕೆ, ಎಂದರೆ ತನ್ನನ್ನು ತಾನೇ ಹೊಡೆದುಹಾಕುವ ಮಾತಿಗೆ, ಉದಾಹರಣೆಯಾಗಿ ಕೊಡುವರು. ಹರಿಯುವುದು ದ್ರವ, ಹರಳುಗಟ್ಟಿ ನಿಲ್ಲುವುದು ಸ್ಫಟಿಕ. ಒಂದೇ ವಸ್ತುವು ಎರಡೂ ಆಗುವುದು ಹೇಗೆ? ಹಿರಣ್ಯಕಶಿಪುವೂ ಹೀಗೆಯೇ ಎಣಿಸಿದ್ದನು. ಒಳಗೂ ಅಲ್ಲದ ಹೊರಗೂ ಅಲ್ಲದ ಎಡೆಯೊಂದು ಇದ್ದೀತೆಂದು ಅವನಿಗೆ ತೋರಲಿಲ್ಲ. ಆದರೆ ಮನೆಗೆ ಹೊಸ್ತಿಲೆಂಬುದೊಂದು ಇದ್ದೇ ಇರುವುದಷ್ಟೆ!

೧೮೮೮ರಲ್ಲಿ ಪ್ರಾಗ್ ನಗರದಲ್ಲಿದ್ದ ರೈನಿಟ್ಸರ್ ಎಂಬ ಸಸ್ಯಶಾಸ್ತ್ರಜ್ಞನು ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸುತ್ತಿದ್ದನು. ತುಪ್ಪವು ಒಂದೇ ಸಲ ಕರಗುವುದು. ಆದರೆ ಆ ವಸ್ತುವು ೧೪೫.೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಗಂಜಿಯಂತೆ ಮಬ್ಬಾಗಿ ಹರಿಯಿತು, ೧೭೮.೫ ಡಿಗ್ರಿಯಲ್ಲಿ ಮತ್ತೊಮ್ಮೆ ಬದಲಾಗಿ ತಿಳಿಯಾಯಿತು. ನಡುವಣ ಆ ಮಬ್ಬಿನ ಸ್ಥಿತಿಯೇ ಹೊಸ್ತಿಲು. ಊದಿನಕಡ್ಡಿಗಳ ಒಂದು ಕಟ್ಟನ್ನು ನೆನೆದುಕೊಳ್ಳಿರಿ. ಕಟ್ಟನ್ನು ಸಡಿಲಿಸಿದರೆ ಕಡ್ಡಿಗಳು ಹಿಂದೆ ಮುಂದೆ ಜಾರುವುವು. ಆದರೂ ಎಲ್ಲದರ ಮುಖವೂ ಒಂದೇ ದಿಕ್ಕಿಗೆ ಇರುವುದು. ದ್ರವಸ್ಫಟಿಕದಲ್ಲಿ ಕಣ್ಣಿಗೆ ಕಾಣದ ಅಣುಗಳು ಈ ಕಡ್ಡಿಗಳಂತಿರುವುವು. ಜಾರುವುದರಿಂದ ಅದು ದ್ರವ. ದಿಕ್ಕನ್ನು ಬಿಡದೆ ಇರುವುದರಿಂದ ಸ್ಫಟಿಕದ ಸೋದರ.

ಇಂತಹ ವಸ್ತುಗಳನ್ನು ಕುರಿತು ಸಿದ್ಧಾಂತಿಯು ಮಾಡುವ ಕೆಲಸವಾದರೂ ಏನು? ನಮ್ಮ ಊರ ಜಾತ್ರೆಯಲ್ಲಿ ತೇರು ಹೊರಟಾಗ ಸಾವಿರಾರು ಜನರು ಸೇರುವರು. ಅವರಲ್ಲಿ ಒಬ್ಬೊಬ್ಬನ ಹೆಜ್ಜೆಯನ್ನೂ ಎಣಿಸಲು ಯಾರಿಂದಲೂ ಆಗದು. ಆದರೆ ಪ್ರತಿಯೊಬ್ಬನೂ ಪಕ್ಕದವರು ಹೋಗುವ ಕಡೆಗೇ ವಾಲುವನೆಂಬುದನ್ನು ಅರಿತವನು ಜಂಗುಳಿಯು ಎತ್ತ ಹರಿಯುವುದೆಂದು ಹೇಳಬಲ್ಲನು. ಘನ ದ್ರವಗಳೆರಡನ್ನೂ ಒಳಗೊಂಡ ಸಾಂದ್ರದ್ರವ್ಯದಲ್ಲಿ ಅಣುಗಳ ಸಂಖ್ಯೆಯು ಕೋಟಿಯ ಕೋಟಿಗಿಂತಲೂ ಮಿಗಿಲು. ಆ ಜಂಗುಳಿಯ ನಿಯಮವನ್ನು ಗಣಿತದಿಂದ ಕಂಡುಹಿಡಿದು, ಇಷ್ಟು ಶಾಖದಲ್ಲಿ ಇದು ಹೀಗಾಗಬೇಕೆಂದು ಮುಂಗಂಡು ಹೇಳುವುದೇ ಸಿದ್ಧಾಂತಿಯ ಕೆಲಸ. ಅದು ನಿಜವೋ ಅಲ್ಲವೋ ಎಂದು ಒರೆಹಚ್ಚುವುದು ಪ್ರಯೋಗದ ಕೆಲಸ. ಚಂದ್ರಶೇಖರರು ಎರಡರಲ್ಲಿಯೂ ಕೈಯಾಡಿಸಿದವರು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಲ್ಲ.

ಅವರು ಹುಟ್ಟಿದುದು ೧೯೩೦ನೆಯ ಆಗಸ್ಟ್ ೬ರಂದು, ಕಲಕತ್ತೆಯಲ್ಲಿ. ಸೋದರಮಾವನಿಗೆ ನೊಬೆಲ್ ಪಾರಿತೋಷಕವು ಬಂದ ವರ್ಷ. ೧೯೫೧ರಲ್ಲಿ ನಾಗಪುರದ ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಬೆಂಗಳೂರಿಗೆ ಬಂದು, ರಾಮನ್ನರ ಸಂಶೋಧನ ಸಂಸ್ಥೆಯಲ್ಲಿ ಶಿಷ್ಯರಾದರು. ಅಲ್ಲಿ ಅವರಿಗೆ ದೊರೆತ ವಿಷಯವು, ಕೆಲವು ಹರಳುಗಳ ಮೂಲಕ ಹಾಯುವ ಬೆಳಕು ಏಕೆ ಮತ್ತು ಎಷ್ಟು ತಿರುಚಿಕೊಳ್ಳುವುದೆಂಬುದು. ಬಳಿಕ ವಿದ್ಯಾರ್ಥಿವೇತನವನ್ನು ಪಡೆದು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋದರು. ಅಲ್ಲಿನ ವಿಷಯವೇ ಬೇರೆ: ಕ್ಷ-ಕಿರಣಗಳು ಹರಳಿನೊಳಗಿನ ಪದರ ಪದರಗಳಿಂದ ಹೇಗೆ ಚದರಿ ಹಿಂದಿರುಗುವುವೆಂಬುದು. ಆಮೇಲೆ ಕೆಲವು ಕಾಲ ಲಂಡನ್ನಿನಲ್ಲಿಯೂ ಕೆಲಸ ಮಾಡಿದರು. ಈ ಎರಡು ವಿದ್ಯೆಗಳನ್ನೂ ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ನೋಡುವವರಿಗೆ ಅವು ಒಂದಕ್ಕೊಂದು ಸಂಬಂಧವಿಲ್ಲದವು. ಹಣ ತರುವಂತಹವೂ ಅಲ್ಲ.

೧೯೬೧ರಲ್ಲಿ ಅವರು ಸ್ವದೇಶಕ್ಕೆ ಮರಳಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಕುವೆಂಪು ಅವರು ಕುಲಪತಿಗಳಾಗಿದ್ದಾಗ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟ ಆವರಣವು ಆಗ ಇನ್ನೂ ಎಳೆಯದು. ಕೇಂಬ್ರಿಜ್ಜಿನಲ್ಲಿದ್ದಂತಹ ಸಲಕರಣೆಗಳು ಅಲ್ಲಿ ಎಲ್ಲಿಂದ ಬಂದಾವು? ಅಡಿಗೆಮನೆಯಲ್ಲಿ ಇದ್ದುದರಲ್ಲಿಯೇ ಹಬ್ಬ ಮಾಡುವ ಗೃಹಿಣಿಯಂತೆ, ಇರುವ ಅನುಕೂಲದಲ್ಲಿ ಉತ್ತಮವಾದುದನ್ನು ಸಾಧಿಸಬಹುದಾದ ವಿಷಯವೊಂದನ್ನು ಅವರು ಆರಿಸಿಕೊಳ್ಳಬೇಕಾಯಿತು. ಆಗ ಪ್ರಪಂಚದಲ್ಲಿ ಬಹಳ ಮಂದಿ ಲಕ್ಷ್ಯಕ್ಕೆ ತೆಗೆದುಕೊಳ್ಳದಿದ್ದ ದ್ರವಸ್ಫಟಿಕಗಳನ್ನು ಅವರು ಆರಿಸಿಕೊಂಡರು.

ಆಗ ನಡೆದುದನ್ನು ಕೇಳಿದರೆ, ವಿದ್ಯೆಯಿಂದ ಏನು ಪ್ರಯೋಜನವೆಂದು ಕೇಳುವವರು ಸುಮ್ಮನಾಗಬೇಕು. ದ್ರವಸ್ಫಟಿಕಗಳಲ್ಲಿ ಒಂದು ಜಾತಿಯುಂಟು. ಅದರಲ್ಲಿ ಅಣುಗಳ ದಿಕ್ಕು ಸುತ್ತುಮೆಟ್ಟಿಲಿನಂತೆ ಮೇಲೆ ಮೇಲೆ ಹೋದಹಾಗೆಲ್ಲ ಸ್ವಲ್ಪ ಸ್ವಲ್ಪವಾಗಿ ತಿರುಗುತ್ತ ಹೋಗುವುದು. ಈ ಸುತ್ತಿನ ಅಳತೆಗೆ ಹೊಂದುವ ಬಣ್ಣದ ಬೆಳಕು ಮಾತ್ರ ಹಿಂದಿರುಗುವುದರಿಂದ ಅದು ನವಿಲುಗರಿಯಂತೆ ಹೊಳೆಯುವುದು. ಶಾಖವು ಬದಲಾದರೆ ಸುತ್ತು ಬದಲಾಗಿ, ಬಣ್ಣವೂ ಬದಲಾಗುವುದು. ಜ್ವರ ಬಂದ ಮಗುವಿನ ಹಣೆಗೆ ಒತ್ತಿ ನೋಡುವ ಬಣ್ಣದ ಪಟ್ಟಿಯ ಗುಟ್ಟು ಇದೇ. ಈ ಬಣ್ಣದ ಲೆಕ್ಕವನ್ನು ಬಿಡಿಸಲು ಬೇಕಾದುದು ಎರಡು ವಿದ್ಯೆಗಳು: ಹರಳಿನಲ್ಲಿ ಬೆಳಕು ತಿರುಚಿಕೊಳ್ಳುವ ಬಗೆ ಒಂದು, ಪದರ ಪದರಗಳಿಂದ ಕಿರಣಗಳು ಹಿಂದಿರುಗುವ ಬಗೆ ಇನ್ನೊಂದು. ಒಂದನ್ನು ಅವರು ಬೆಂಗಳೂರಿನಲ್ಲಿ ಮಾವನ ಬಳಿ ಕಲಿತಿದ್ದರು; ಇನ್ನೊಂದನ್ನು ಕೇಂಬ್ರಿಜ್ಜಿನಲ್ಲಿ. ಕ್ಷ-ಕಿರಣಗಳಿಗಾಗಿ ಬೆಳೆದಿದ್ದ ಗಣಿತವನ್ನೇ ಬೆಳಕಿಗೆ ಹೊಂದಿಸಿ, ಅವರೂ ಅವರ ಮೈಸೂರಿನ ಶಿಷ್ಯರೂ ಈ ದ್ರವಸ್ಫಟಿಕಗಳ ಬಣ್ಣವನ್ನು ವಿವರಿಸಿದರು. ಅಣುಗಳ ಜಂಗುಳಿಯ ನಿಯಮವನ್ನು ಕುರಿತು ಹಿಂದಿನವರು ಮಾಡಿದ್ದ ಸಿದ್ಧಾಂತವನ್ನೂ ಶಿಷ್ಯರಾದ ಎನ್. ವಿ. ಮಧುಸೂದನರೊಡನೆ ಮುಂದುವರಿಸಿದರು. ಹತ್ತು ವರ್ಷಗಳ ಕೆಳಗೆ ಹಗೇವಿನಲ್ಲಿಟ್ಟ ರಾಗಿಯು ಬರಗಾಲದಲ್ಲಿ ಮನೆಯನ್ನು ಕಾಯುವಂತೆ, ಎಂದೋ ಕಲಿತದ್ದು ತಕ್ಕ ಕಾಲದಲ್ಲಿ ಒದಗಿತು.

ರಾಮನ್ನರು ೧೯೭೦ರ ನವೆಂಬರಿನಲ್ಲಿ ಕಾಲವಾದರು. ಮರುವರ್ಷ ಚಂದ್ರಶೇಖರರು ಮಾವನು ಕಟ್ಟಿದ ಸಂಸ್ಥೆಗೇ ಹಿಂದಿರುಗಿ, ಮೈಸೂರಿನ ಕೆಲವರು ಶಿಷ್ಯರೊಡನೆ ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ಹೊಸ ವಸ್ತುಗಳನ್ನು ತಯಾರಿಸುವ ರಸಾಯನಶಾಸ್ತ್ರಜ್ಞರು, ಅಳೆಯುವವರು, ಗಣಿಸುವವರು ಎಲ್ಲರೂ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದುದೇ ಅದರ ವಿಶೇಷ.

ರೈನಿಟ್ಸರನ ಕಾಲದಿಂದ ಸುಮಾರು ತೊಂಬತ್ತು ವರ್ಷಗಳ ಪರ್ಯಂತ, ಶಾಖದಿಂದ ದ್ರವಸ್ಫಟಿಕವಾಗಬೇಕಾದರೆ ಅಣುವು ಕಡ್ಡಿಯಂತೆ ಉದ್ದವಾಗಿರಲೇಬೇಕೆಂದು ಲೋಕವೆಲ್ಲ ನಂಬಿದ್ದಿತು. ಬಿಲ್ಲೆಯಂತೆ ಚಪ್ಪಟೆಯಾಗಿರುವ ಅಣುಗಳು ಆಗಲಾರವೇ ಎಂದು ಚಂದ್ರಶೇಖರರು ಕೇಳಿಕೊಂಡರು. ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಎಂಬ ಸಹೋದ್ಯೋಗಿಗಳೊಡನೆ ಸೇರಿ, ಬೆಂಜೀನಿನ ಉಂಗುರದ ಸುತ್ತಲೂ ಆರು ಬಾಲಗಳನ್ನು ಜೋಡಿಸಿದ ವಸ್ತುಗಳನ್ನು ತಯಾರಿಸಿ ಪರೀಕ್ಷಿಸಿದರು. ಕೆಲವೇ ಡಿಗ್ರಿಗಳ ಅಂತರದಲ್ಲಿ ಹೊಸ ಸ್ಥಿತಿಯೊಂದು ಕಾಣಿಸಿತು. ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಬಿಲ್ಲೆಗಳು ಕಂಬಕಂಬಗಳಾಗಿ ನಿಂತಿದ್ದುವು. ೧೯೭೭ರಲ್ಲಿ ಈ ಸಂಗತಿಯನ್ನು ಅವರು ಪ್ರಕಟಿಸಿದುದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ಪತ್ರಿಕೆಯಲ್ಲಿ. ಪರದೇಶದ ದೊಡ್ಡ ಪತ್ರಿಕೆಯಲ್ಲಿ ಬಂದರಲ್ಲವೇ ಗೌರವವೆಂದು ಹಪಹಪಿಸುವವರು ಇದನ್ನು ಗಮನಿಸಬೇಕು. ನಮ್ಮ ಊರಿನ ಪತ್ರಿಕೆಯಲ್ಲಿ ಬಂದ ಆ ಹತ್ತು ಪುಟಗಳನ್ನು ಲೋಕವೇ ತರಿಸಿಕೊಂಡು ಓದಿತು. ಅದೇ ವರ್ಷ ಕೇಂಬ್ರಿಜ್ಜಿನ ಮುದ್ರಣಾಲಯವು ಅವರ 'ದ್ರವಸ್ಫಟಿಕಗಳು' ಎಂಬ ಗ್ರಂಥವನ್ನು ಪ್ರಕಟಿಸಿತು. ೧೯೯೨ರಲ್ಲಿ ಅದರ ಎರಡನೆಯ ಆವೃತ್ತಿಯು ಹೊರಬಂದಿತು. ರಷ್ಯನ್ ಭಾಷೆಗೂ ಅದು ಅನುವಾದವಾಯಿತು.

"ಒಳ್ಳೆಯದು, ಆ ಬಿಲ್ಲೆಗಳಿಂದ ಆದುದೇನು?" ಎಂದು ಕೇಳಬಹುದು. ನಿಜವನ್ನು ಹೇಳಬೇಕಾದರೆ, ಹಲವು ವರ್ಷಗಳು ಏನೂ ಆಗಲಿಲ್ಲ. ಕಡ್ಡಿಯಣುಗಳ ಮಾತು ಬೇರೆ. ವಿದ್ಯುತ್ತಿನ ಅಲ್ಪಸ್ಪರ್ಶದಿಂದ ಅವು ಮಗ್ಗುಲು ತಿರುಗಿ ಬೆಳಕನ್ನು ಬಿಡುವುವು ಇಲ್ಲವೆ ತಡೆಯುವುವು. ಆ ಉಪಾಯದಿಂದ ಕೈಗಡಿಯಾರ, ಲೆಕ್ಕದ ಯಂತ್ರ, ದೂರದರ್ಶನದ ತೆಳು ಪರದೆ ಮುಂತಾದುವೆಲ್ಲ ಬಂದುವು. ಆದರೆ ಅಂತಹ ಪರದೆಗಳಲ್ಲಿ ಒಂದು ದೋಷವಿದ್ದಿತು. ನೇರವಾಗಿ ಕುಳಿತವನಿಗೆ ಚಿತ್ರವು ಚೆನ್ನಾಗಿಯೂ, ಪಕ್ಕದಲ್ಲಿ ಕುಳಿತವನಿಗೆ ಮಸಕಾಗಿಯೂ ಕಾಣುತ್ತಿದ್ದಿತು. ೧೯೯೦ರ ದಶಕದಲ್ಲಿ ಜಪಾನಿನವರು ಬಿಲ್ಲೆಯಣುಗಳಿಂದಲೇ ಮಾಡಿದ ತೆಳುವಾದ ಹಾಳೆಯೊಂದನ್ನು ಪರದೆಗೆ ಹಚ್ಚಿ ಆ ದೋಷವನ್ನು ಬಹುಮಟ್ಟಿಗೆ ಕಳೆದರು. ೧೯೭೭ರಲ್ಲಿ ಬೆಂಗಳೂರಿನಲ್ಲಿ ಪ್ರಯೋಜನವನ್ನು ನೋಡದೆ ಬಿತ್ತಿದುದಕ್ಕೆ ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಜಪಾನಿನಲ್ಲಿ ಫಲವು ಬಂದಿತು. ತೆಂಗಿನ ಸಸಿಯನ್ನು ನೆಡುವ ಅಜ್ಜನು ಎಳನೀರಿನ ಬೆಲೆಯನ್ನು ವಿಚಾರಿಸಿಕೊಂಡು ನೆಡುವನೇ?

ಇನ್ನು ಜಾಲಹಳ್ಳಿಯ ಮಾತು. ೧೯೯೦ರಲ್ಲಿ ಚಂದ್ರಶೇಖರರಿಗೆ ಅರುವತ್ತು ತುಂಬಿತು. ರಾಮನ್ ಸಂಸ್ಥೆಯ ಕೆಲಸದಿಂದ ನಿವೃತ್ತರಾದರು. ಮನ್ನಣೆಗೆ ಕೊರತೆಯಿರಲಿಲ್ಲ, ಅದೇ ವರ್ಷ ಹುಟ್ಟಿದ ಅಂತರರಾಷ್ಟ್ರೀಯ ದ್ರವಸ್ಫಟಿಕ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ಮೊಮ್ಮಕ್ಕಳ ಕತೆ ಕೇಳಿಕೊಂಡು, ವಾಕಿಂಗ್ ಹೋಗಿಕೊಂಡು ಇದ್ದುಬಿಡಬಹುದಾಗಿತ್ತು. ಅವರಾದರೋ ಮರುವರ್ಷ, ೧೯೯೧ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಜಾಲಹಳ್ಳಿಯಲ್ಲಿ ಒದಗಿಸಿದ ಕಟ್ಟಡದಲ್ಲಿ ದ್ರವಸ್ಫಟಿಕ ಸಂಶೋಧನ ಕೇಂದ್ರವನ್ನು ಹೊಸದಾಗಿ ಆರಂಭಿಸಿದರು. ಮಾವನಾದ ರಾಮನ್ನರೂ ೧೯೪೮ರಲ್ಲಿ, ತಮಗೆ ಅರುವತ್ತಾದ ವರ್ಷ, ಭಾರತೀಯ ವಿಜ್ಞಾನಮಂದಿರದಿಂದ ನಿವೃತ್ತರಾಗಿ, ತಮ್ಮ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದವರು. ಮಾವನು ನಡೆದ ದಾರಿಯಲ್ಲಿ ಅಳಿಯನು ನಡೆದರು. ೧೯೯೪ರಲ್ಲಿ ರಾಯಲ್ ಸೊಸೈಟಿಯು ತನ್ನ ರಾಯಲ್ ಪದಕವನ್ನೂ, ೧೯೯೮ರಲ್ಲಿ ಭಾರತ ಸರ್ಕಾರವು ಪದ್ಮಭೂಷಣವನ್ನೂ ಕೊಟ್ಟುವು. ೨೦೦೪ನೆಯ ಮಾರ್ಚಿ ೮ರಂದು ಅವರು ಕಾಲವಾದರು. ಆ ಕೇಂದ್ರವು ಈಗ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರವೆಂಬ ಹೆಸರನ್ನು ಹೊಂದಿ, ಜಾಲಹಳ್ಳಿಯನ್ನು ಬಿಟ್ಟು ತುಮಕೂರು ರಸ್ತೆಯ ಕಡೆಯ ಶಿವನಪುರದಲ್ಲಿ ಕೆಲಸ ಮಾಡುತ್ತಲಿದೆ.

ಆ ವರ್ಷಗಳಲ್ಲಿ ನಾವು ದಿನವೂ ಬೈಸಿಕಲ್ಲಿನ ಮೇಲೆ ಅದೇ ಜಾಲಹಳ್ಳಿಯ ಬೀದಿಗಳಲ್ಲಿ ಪಾಠಶಾಲೆಗೆ ಹೋಗಿಬರುತ್ತಿದ್ದೆವು. ಒಂದು ದಿನವಾದರೂ ಇಳಿದು, "ಸ್ವಾಮಿ, ನಮ್ಮಲ್ಲೊಬ್ಬ ಹುಡುಗನಿದ್ದಾನೆ, ಅವನಿಗೆ ಏನು ಹೇಳೋಣ?" ಎಂದು ಆ ಬಾಗಿಲಿನಲ್ಲಿ ಕೇಳಲಿಲ್ಲ. ತಿಳಿಯದಿರುವುದು ದೋಷವಲ್ಲ, ತಿಳಿಯದೆ ಬುದ್ಧಿ ಹೇಳಿದುದು ದೋಷ.

ಎಂಟನೆಯ ದಿನ ತಾಯಿಯೂ ಮಗಳೂ ಮತ್ತೆ ಬಂದರು. ಮೇಲೆ ಬರೆದುದನ್ನೆಲ್ಲ ಹೇಳಿದೆವು. ಕಷ್ಟವನ್ನೂ ಮುಚ್ಚಿಡಲಿಲ್ಲ. ಪದವಿ, ಸ್ನಾತಕೋತ್ತರ, ಡಾಕ್ಟರೇಟು ಎಂದು ಒಂಬತ್ತು ಹತ್ತು ವರ್ಷಗಳ ಓದು. ಓರಗೆಯವರು ಮನೆ ಕಟ್ಟಿ ಕಾರು ಕೊಳ್ಳುವಾಗ ತಾನಿನ್ನೂ ವಿದ್ಯಾರ್ಥಿವೇತನದಲ್ಲಿರಬೇಕು. ಆಮೇಲೆಯೂ ಕೆಲಸವು ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಆದರೆ ಈ ವಿದ್ಯೆಗಾಗಿ ಕಡಲು ದಾಟಲೇಬೇಕೆಂಬ ನಿರ್ಬಂಧವಿಲ್ಲ. ಯಶವಂತಪುರದ ಮಗ್ಗುಲಲ್ಲಿ ವಿಜ್ಞಾನಮಂದಿರವುಂಟು, ಸದಾಶಿವನಗರದಲ್ಲಿ ರಾಮನ್ ಸಂಸ್ಥೆಯುಂಟು, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ಸಂಶೋಧನ ಕೇಂದ್ರವುಂಟು, ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ ಸೈದ್ಧಾಂತಿಕ ವಿಜ್ಞಾನಗಳಿಗೆಂದೇ ಒಂದು ಕೇಂದ್ರವುಂಟು. ಎಲ್ಲವೂ ಜಾಲಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಹೋಗಿಬರುವಷ್ಟು ದೂರ.

ತಾಯಿಯು ಎಲ್ಲವನ್ನೂ ಕೇಳಿ, "ಹಾಗಾದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನೀವು ಹೇಳುವುದಿಲ್ಲ" ಎಂದರು. "ಇಲ್ಲ ತಾಯಿ, ಹೇಳಲಾರೆವು. ಇಂಜಿನಿಯರಿಂಗಿಗೂ ಹಾಗೆ ಹೇಳಲಾರೆವು. ಮನಸ್ಸಿಟ್ಟು ಕಲಿತದ್ದು ಕೆಡುವುದಿಲ್ಲ ಎಂಬುದಿಷ್ಟನ್ನು ಮಾತ್ರ ಹೇಳಬಲ್ಲೆವು" ಎಂದೆವು. ಆಗ ಹುಡುಗಿಯು ಮೊದಲ ಸಲ ಬಾಯಿ ತೆರೆದಳು: "ಮೇಷ್ಟ್ರೇ, ಆ ಹಪ್ಪಳದ ಕಂಬಗಳಿಗೆ ಶಾಖ ಕೊಟ್ಟರೆ ಮೊದಲು ಕಂಬದಿಂದ ಕಂಬ ದೂರವಾಗುತ್ತದೆಯೆ, ಅಥವಾ ಕಂಬದೊಳಗಿನ ಹಪ್ಪಳಗಳೇ ಚೆದರುತ್ತವೆಯೆ?"

ನಮ್ಮ ವಿದ್ಯೆಯು ಅಲ್ಲಿಗೆ ಮುಗಿಯಿತು. ಸಿದ್ಧಾಂತಿಯ ಬುದ್ಧಿಯು ಹೇಗಿರುವುದೆಂದು ಇಷ್ಟು ದಿನ ಪುಸ್ತಕದಲ್ಲಿ ಹುಡುಕಿದೆವು. ಅದು ಚಾಪೆಯ ಮೇಲೆ ನಮ್ಮೆದುರಿಗೇ ಕುಳಿತಿದ್ದಿತು. ನಾವು ಕೂಡಲೇ ಬ್ಯಾಂಕಿನಲ್ಲಿರುವ ಆ ಹಳೆಯ ಶಿಷ್ಯನಿಗೆ ಫೋನು ಮಾಡಿ, ಪ್ರಶ್ನೆಯನ್ನು ಒಪ್ಪಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಪುಸ್ತಕ ತೆಗೆದುಕೊಂಡು ಬರುತ್ತೇನೆ, ಮೇಷ್ಟ್ರೇ. ಇಬ್ಬರೂ ಸೇರಿ ನೋಡುತ್ತೇವೆ" ಎಂದನು.

ತಂದೆಯು ಸದ್ಯಕ್ಕೆ ಎರಡು ಕಡೆಗೂ ಅರ್ಜಿ ಹಾಕಲು ಒಪ್ಪಿರುವರೆಂದು ಕೇಳಿದ್ದೇವೆ. ಮುಂದಿನದು ಆ ಮನೆಯವರಿಗೆ ಸೇರಿದ್ದು. ಭಾನುವಾರದ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಈಗ ಇಬ್ಬರು ವಿದ್ಯಾರ್ಥಿಗಳು ಕೂರುತ್ತಾರೆ. ಅವರ ಪಾಠವು ನಮಗೆ ಅರ್ಥವಾಗುವುದಿಲ್ಲ. ಕಾಫಿಯನ್ನು ತಂದಿಟ್ಟು, ಪಕ್ಕದಲ್ಲಿ ಕುಳಿತು ಕೇಳುತ್ತೇವೆ.